ಕಪ್ಪೆಗಳ ಖಾನೇಷುಮಾರಿ

ಕೈಗೂಡದ ಪ್ರಯತ್ನವನ್ನು ಕಂಡಾಗ ನಮ್ಮ ಜನರು 'ಕಪ್ಪೆಯನ್ನು ತಕ್ಕಡಿಗೆ ಹಾಕಿದಂತೆ' ಎಂದು ಹಾಸ್ಯಮಾಡುವುದುಂಟು. ಒಂದನ್ನು ಹಿಡಿದಿಟ್ಟರೆ ಮತ್ತೊಂದು ನೆಗೆದು ಹೋಗುವುದು. ತಿಪಟೂರಿನ ಪೇಟೆಯಲ್ಲಿ ಕೊಬ್ಬರಿಯನ್ನು ತೂಗಿ ಬೆಲೆಕಟ್ಟುವುದರಲ್ಲಿ ನಿಪುಣರಾದ ನಮ್ಮವರನ್ನು, ತೋಟದ ಮೇಲಣ ಕೆರೆಯಲ್ಲಿ ಮೊದಲ ಮಳೆಯ ರಾತ್ರಿ ವಟಗುಟ್ಟುವ ಕಪ್ಪೆಗಳೆಷ್ಟೆಂದು ಕೇಳಿದರೆ ನಕ್ಕುಬಿಡುವರು. ಆದರೆ ಅದು ನಗತಕ್ಕ ಪ್ರಶ್ನೆಯಲ್ಲ. ಅದಕ್ಕೂ ಒಂದು ಚರಿತ್ರೆಯುಂಟು.

ಮನುಷ್ಯರ ಲೆಕ್ಕ ನಮ್ಮಲ್ಲಿ ಬಹುಕಾಲದಿಂದ ನಡೆದಿದೆ. ಮೈಸೂರು ಸಂಸ್ಥಾನದ 1871ರ ಖಾನೇಷುಮಾರಿಯಲ್ಲಿ ಜನಸಂಖ್ಯೆ ಸುಮಾರು 50 ಲಕ್ಷವಿದ್ದಿತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿದ್ದಿತು. ನಡುವೆ ಬಂದುದು 1876ರಿಂದ 1878ರವರೆಗಿನ ಕ್ಷಾಮ. ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಹೆಸರಿಡಿದು ಹೇಳುತ್ತಿದ್ದುದು ಇದನ್ನೇ. ಇಂಥ ಬರಗಳಲ್ಲಿ ಕೆರೆ ಬತ್ತಿದಾಗ ಅದರೊಳಗಣ ಕಪ್ಪೆಗಳ ಗತಿ ಏನಾಯಿತೆಂಬುದನ್ನು ಯಾವ ಅಮಲ್ದಾರರ ದಫ್ತರದಲ್ಲಿಯೂ ಹುಡುಕುವಂತಿಲ್ಲ. ಆ ದಾಖಲೆಯೇನಾದರೂ ಉಳಿದಿದ್ದರೆ ಅದು ಕಪ್ಪೆಗಳ ಮೈಯೊಳಗೇ ಉಳಿದಿರಬೇಕು.

ನಮ್ಮ ನಾಡಿನಲ್ಲಿ ಕಪ್ಪೆಗಳನ್ನು ಶಾಸ್ತ್ರೀಯವಾಗಿ ನೋಡಿದವರಲ್ಲಿ ಅಗ್ರಗಣ್ಯರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞರಾದ ಸಿ. ಆರ್. ನಾರಾಯಣರಾಯರು. ಅವರು 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ವರ್ಣಿಸಿ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ 'ವಿಜ್ಞಾನ' ಮಾಸಪತ್ರಿಕೆಯ ಮೂಲಕ ಶಾಸ್ತ್ರವಿಷಯಗಳನ್ನು ಕನ್ನಡಕ್ಕೆ ತಂದುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ. ನಾರಾಯಣರಾಯರು ಸಂಗ್ರಹಿಸಿದ ಮೂಲಮಾದರಿಗಳು ಮುಂದೆ ಕಳೆದುಹೋದವು. ಅವರ ಹೆಸರು ಮಾತ್ರ 2010ರಲ್ಲಿ ಪೊದೆಗಪ್ಪೆಗಳ 'ರಾವೋರ್ಕೆಸ್ಟಿಸ್' ಎಂಬ ಕುಲಕ್ಕೆ ಸೇರಿ ಉಳಿಯಿತು. ಆ ಕಾಲದ ಪ್ರಶ್ನೆ 'ಇದು ಯಾವ ಜಾತಿ?' ಎಂಬುದಾಗಿದ್ದಿತು. 'ಎಷ್ಟಿವೆ?' ಎಂಬುದಕ್ಕೆ ಉತ್ತರದ ದಾರಿ ಬೇರೊಂದು ಕಡೆಯಿಂದ ಬಂದಿತು.

1931ರಲ್ಲಿ ಅಮೆರಿಕೆಯ ಸೀವಾಲ್ ರೈಟ್ ಎಂಬ ವಿದ್ವಾಂಸರು ಒಂದು ಸೂಕ್ಷ್ಮವನ್ನು ತೋರಿಸಿದರು: ಕಣ್ಣಿಗೆ ಕಾಣುವ ತಲೆಗಳ ಸಂಖ್ಯೆ ಬೇರೆ, ವಂಶವನ್ನು ಮುಂದಕ್ಕೊಯ್ಯುವ ಸಂಖ್ಯೆ ಬೇರೆ. ಎರಡನೆಯದನ್ನು ನಾವು ಫಲಕಾರಿ ಸಂಖ್ಯೆ ಎನ್ನೋಣ. ಒಂದು ಕೆರೆಯಲ್ಲಿ 90 ಗಂಡು, 10 ಹೆಣ್ಣು ಕೂಡಿದವೆನ್ನಿ. ತಲೆಗಳು ನೂರಾದರೂ ಫಲಕಾರಿ ಸಂಖ್ಯೆ 36 ಮಾತ್ರ. ಕಾಲದ ಲೆಕ್ಕವಂತೂ ಇನ್ನೂ ಕಠಿನ. ನಾಲ್ಕು ತಲೆಮಾರು ಸಾವಿರ ಸಾವಿರ ಕಪ್ಪೆಗಳಿದ್ದು, ಐದನೆಯ ತಲೆಮಾರಿನಲ್ಲಿ ಬರಬಂದು ಐವತ್ತೇ ಉಳಿದರೆ, ಸಾಧಾರಣ ಸರಾಸರಿ 810 ಆಗುವುದು. ಆದರೆ ಇಲ್ಲಿ ಸಲ್ಲುವುದು ಹರಾತ್ಮಕ ಸರಾಸರಿ. ಅದು ಸುಮಾರು 208. ನಾಲ್ಕು ಸುಭಿಕ್ಷಗಳ ಫಲವನ್ನು ಒಂದು ಬರ ನುಂಗಿಬಿಡುವುದೆಂದರೆ ಇದೇ.

ಈ ಸಂಖ್ಯೆಯನ್ನು ಕಂಡುಹಿಡಿಯುವ ಬಗೆ ಹೇಗೆ? ಒಂದೇ ವಂಶವಾಹಿಗೆ ಹಲವು ರೂಪಭೇದಗಳಿರುತ್ತವೆ. ತಾಯಿತಂದೆಗಳು ಕೆಲವರೇ ಆದಾಗ, ಚೀಟಿಯೆತ್ತಿದಂತೆ, ಈ ಭೇದಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬಲವಾಗಿ ಏರಿಳಿಯುವುದು. ಬಹುಮಂದಿಯಾದಾಗ ಏರಿಳಿತ ಅಲ್ಪ. ಆದುದರಿಂದ ಏರಿಳಿತವನ್ನು ಅಳೆದರೆ ಸಂಖ್ಯೆಯನ್ನು ಊಹಿಸಬಹುದು. ಕ್ರಿಂಬಾಸ್ ಮತ್ತು ತ್ಸಾಕಾಸ್ ಎಂಬುವರು 1971ರಲ್ಲಿ ಆಲಿವ್ ಹಣ್ಣಿನ ನೊಣದಲ್ಲಿ ಈ ಕ್ರಮವನ್ನು ಪ್ರಯೋಗಿಸಿದರು. ಒಂದೇ ಬಾರಿ ಸಂಗ್ರಹಿಸಿದ ಮಾದರಿಯಿಂದ, ಬೇರೆಬೇರೆ ವಂಶವಾಹಿಗಳ ಭೇದಗಳು ಎಷ್ಟುಮಟ್ಟಿಗೆ ಜೊತೆಜೊತೆಯಾಗಿ ಕಾಣುತ್ತವೆಂಬುದನ್ನು ನೋಡಿ ಎಣಿಸುವ ಮತ್ತೊಂದು ಕ್ರಮವೂ ಬಳಕೆಗೆ ಬಂದಿತು.

ಉಭಯಚರಗಳಲ್ಲಿ ಇದರ ಪ್ರಸಿದ್ಧ ಪರೀಕ್ಷೆಗೆ ದೊರೆತುದು ದೊಡ್ಡ ನೆಲಗಪ್ಪೆ. ಕಬ್ಬಿನ ಕೀಟಗಳನ್ನು ತಿಂದುಹಾಕಲೆಂದು ಅದನ್ನು 1932ರಲ್ಲಿ ಹವಾಯಿ ದ್ವೀಪಗಳಿಗೂ, ಅಲ್ಲಿಂದ 1935ರಲ್ಲಿ ಆಸ್ಟ್ರೇಲಿಯಕ್ಕೂ ಒಯ್ದರು. ಆಸ್ಟ್ರೇಲಿಯಕ್ಕೆ ಬಂದಿಳಿದವು ನೂರರ ಆಸುಪಾಸು. ಅವುಗಳ ಸಂತಾನ ಲೆಕ್ಕಕ್ಕೆ ಸಿಗದಷ್ಟಾಯಿತು. ಆದರೂ 1985ರಲ್ಲಿ ಈಸ್ಟೀಲ್ ಎಂಬುವರು ಎಣಿಸಿದಾಗ ಒಂದೊಂದು ಸಮುದಾಯದ ಫಲಕಾರಿ ಸಂಖ್ಯೆ ಕೆಲವು ನೂರರಷ್ಟೇ ಕಂಡುಬಂದಿತು. ನೆರೆಯಿಂದ ಹೊಸ ಕಪ್ಪೆಗಳು ಬಂದು ಬೆರೆತರೆ ಎಣಿಕೆ ತಪ್ಪುವುದುಂಟು. ಹಳೆಯ, ಹೊಸ ತಲೆಮಾರುಗಳು ಒಟ್ಟಿಗೆ ಈಯುವುದೂ ತೊಡಕೇ. ಹಾಗಿದ್ದರೂ ಕಿವಿಗೆ ಬಿದ್ದ ಕೂಗನ್ನು ನಂಬುವುದಕ್ಕಿಂತ ಇದು ಮೇಲು.

ನಮ್ಮ ಸೀಮೆಗೆ ಈ ಲೆಕ್ಕದ ಅರ್ಥವೇನು? ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಹಿಂದಿನವರು ಕೆರೆಗಳ ಸಾಲನ್ನೇ ಕಟ್ಟಿದರು. ಕೋಡಿಹಳ್ಳದ ನೀರಿನೊಡನೆ ಕಪ್ಪೆಗಳಿಗೂ ದಾರಿಯಿದ್ದಿತು. ಬರದಲ್ಲಿ ಬರಿದಾದ ಕೆರೆಗೆ ನೆರೆಯ ಕೆರೆ ವಂಶವನ್ನು ಮರಳಿ ಕೊಡಬಹುದಾಗಿದ್ದಿತು. ಈಗ ಹಳ್ಳಗಳು ಒತ್ತುವರಿಯಾಗಿ ಮುಚ್ಚಿದಲ್ಲೆಲ್ಲ ಆ ದಾರಿ ಕಡಿದಿದೆ. ತೆಂಗಿಗೆ ಕೊಳವೆಬಾವಿ ನೀರೊದಗಿಸಬಲ್ಲುದು. ಮೊಟ್ಟೆಯಿಡುವ ಕಪ್ಪೆಗೆ ನಿಂತ ನೀರೇ ಬೇಕು. ಹಿಂದೆ ಗೋಂಕರುಗಪ್ಪೆಯ ಕಾಲುಗಳು ಭಾರತದಿಂದ ಸಾವಿರಾರು ಟನ್ನುಗಳಷ್ಟು ಪರದೇಶಕ್ಕೆ ಹೋಗುತ್ತಿದ್ದವು. 1987ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ವ್ಯಾಪಾರವನ್ನು ಆಜ್ಞೆಯಿಂದ ನಿಲ್ಲಿಸಬಹುದು. ಕಳೆದುಹೋದ ವಂಶಭೇದವನ್ನು ಆಜ್ಞೆಯಿಂದ ಮರಳಿಸಲಾಗದು.

2020ರಲ್ಲಿ ಬೆಂಗಳೂರಿನ ಹೊರವಲಯದ ಒಂದು ಬಿಲಗಪ್ಪೆ ಹೊಸ ಜಾತಿಯೆಂದು ಗೊತ್ತಾಗಿ ಆ ನಗರದ ಹೆಸರನ್ನೇ ಪಡೆಯಿತು. ರಾಜಧಾನಿಯ ಬಾಗಿಲಲ್ಲೇ ಹೆಸರಿಲ್ಲದ ಕಪ್ಪೆಯಿದ್ದಿತೆಂದ ಮೇಲೆ ನಮ್ಮ ಕೆರೆಯಂಗಳಗಳನ್ನು ನೋಡಿ ಮುಗಿಸಿದೆವೆನ್ನಲಾಗದು. ಗೊದಮೊಟ್ಟೆಯ ಬಾಲದ ತುದಿಯಷ್ಟು ಮಾದರಿ ಸಾಕು, ಕೊಲ್ಲಬೇಕಾಗಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೆರೆಯಿಂದ ಕೆರೆಗೆ ಈ ಎಣಿಕೆಯನ್ನು ಕೈಗೊಂಡರೆ, ಯಾವ ಕೋಡಿಹಳ್ಳವನ್ನು ಮೊದಲು ಬಿಡಿಸಬೇಕೆಂಬುದೂ ತಿಳಿಯುವುದು. ತಕ್ಕಡಿಗೆ ಒಲ್ಲೆನೆಂದ ಕಪ್ಪೆ ಈ ತೂಕಕ್ಕೆ ಒಪ್ಪಿದೆ. ಮಳೆಯ ರಾತ್ರಿ ಕೇಳುವ ಕೂಗು ದೊಡ್ಡದೆಂದು ನೆಮ್ಮದಿಯಿಂದ ಮಲಗುವ ಮುನ್ನ, ಅದರಲ್ಲಿ ಎಷ್ಟು ಕೊರಳು ಮುಂದಿನ ಮಳೆಗೆ ತಮ್ಮ ವಂಶವನ್ನು ಬಿಟ್ಟುಹೋಗುವುವೆಂದು ನಾವು ಕೇಳಿಕೊಳ್ಳಬೇಕಾಗಿದೆ.