ಮೇಷ್ಟ್ರ ಪಕ್ಕ ಕೂತವರು ಯಾರು?

ಸಾಹೇಬ್ರು ಬರ್ತಾರೆ ಅಂತ ಸುದ್ದಿ ಬಂದ ದಿನ ನಮ್ಮೂರ ಶಾಲೆಗೆ ಹಬ್ಬದ ಕಳೆ. ಬಾಗಿಲಿಗೆ ಮಾವಿನ ತೋರಣ, ಕರಿಹಲಗೆಗೆ ಹೊಸ ಬಣ್ಣ, ಅಂಗಳಕ್ಕೆ ನೀರು. ಅಂಗಳ ಗುಡಿಸಿದವರು ನಮ್ಮ ಕೇರಿಯ ಹುಡುಗರು. ಮುಂದಿನ ಸಾಲಿನಲ್ಲಿ ಕೂತು ಮಗ್ಗಿ ಒಪ್ಪಿಸಿದವರು ಬೇರೆಯವರು. ಸಾಹೇಬ್ರು ಬಂದ್ರು, ಹಾಜರಿ ಪುಸ್ತಕ ತಿರುವಿದ್ರು, ಎಳನೀರು ಕುಡಿದ್ರು, ಮಕ್ಕಳ ಮುಂದೆಯೇ ಮೇಷ್ಟ್ರನ್ನ ಗದರಿದ್ರು, ಹೋದ್ರು. ನಮ್ಮ ಮೇಷ್ಟ್ರ ಕೈ ನಡುಗೋದನ್ನ ನಾವು ಮೊದಲ ಸಲ ನೋಡಿದ್ದು ಅವತ್ತೇ. ಜೀಪು ಮರೆಯಾದ ಮೇಲೆ ಆ ನಡುಕ ಬೆತ್ತವಾಗಿ ನಮ್ಮ ಬೆನ್ನ ಮೇಲೆ ಇಳಿಯಿತು.

ಇವತ್ತು ನಮ್ಮಲ್ಲೇ ಕೆಲವರು ಮೇಷ್ಟ್ರಾಗಿದ್ದೇವೆ. ಮನೆಯಲ್ಲಿ ಮೊದಲು ಅಕ್ಷರ ಕಲಿತವರು, ಮೊದಲು ಪದವಿ ಪಡೆದವರು. ಆದ್ದರಿಂದ ಈ ಪ್ರಶ್ನೆಯನ್ನು ನಾವೇ ಕೇಳಬೇಕಾಗಿದೆ. ಸರ್ಕಾರಿ ಶಾಲೆಯ ಮೇಷ್ಟ್ರ ತಪ್ಪು ಹುಡುಕಲು ಬಂದವರಿಗೆ ಲೆಕ್ಕವಿಲ್ಲ. ಅವರ ಪಕ್ಕ ಕೂತು, ಇದನ್ನ ಹೀಗೆ ಮಾಡಿ ನೋಡೋಣ ಬನ್ನಿ ಅಂದವರು ಎಷ್ಟು ಜನ? ಇದಕ್ಕೊಂದು ಚರಿತ್ರೆ ಇದೆ. ಆ ಚರಿತ್ರೆ ನಮ್ಮದೂ ಹೌದು.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಮುಂಬೈ ಸರ್ಕಾರ ಏನಂದಿತು? ನ್ಯಾಯ ಹುಡುಗನ ಕಡೆಗಿದೆ, ಆದರೆ ಇವನೊಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಡುತ್ತಾರೆ ಅಂದಿತು. ಬಾಗಿಲು ಮುಚ್ಚಿತು. 1858ರಲ್ಲಿ ಲಂಡನ್ನಿನಿಂದ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು ಬರೆದರು. ಕಾಗದದಲ್ಲಿ ಬಾಗಿಲು ತೆರೆಯಿತು. ಆದರೆ ಬಾಗಿಲ ಒಳಗೆ ನಿಂತ ಮೇಷ್ಟ್ರ ಮನಸ್ಸನ್ನು ತೆರೆಯುವವರು ಯಾರು? ಆ ಕೆಲಸ ಯಾವ ಇಲಾಖೆಯ ಕಡತದಲ್ಲೂ ಇರಲಿಲ್ಲ.

ಇಲಾಖೆಗೆ ಹೊಳೆಯದ್ದನ್ನು ಪುಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಅಷ್ಟೊತ್ತಿಗಾಗಲೇ ಮಾಡಿ ತೋರಿಸುತ್ತಿದ್ದರು. ಸಾವಿತ್ರಿಬಾಯಿ ಫುಲೆಗೆ ಗಂಡ ಜೋತಿಬಾ ಮನೆಯಲ್ಲಿ ಅಕ್ಷರ ಕಲಿಸಿದರು. ಆಮೇಲೆ ಆಕೆ ಅಹಮದ್‌ನಗರದಲ್ಲಿ ಮಿಸ್ ಫರಾರ್ ಅವರ ಬಳಿ, ಪುಣೆಯ ನಾರ್ಮಲ್ ಶಾಲೆಯಲ್ಲಿ ಪಾಠ ಹೇಳುವುದನ್ನು ಕಲಿತರು. 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ದಾರಿಯಲ್ಲಿ ಸಗಣಿ, ಕಲ್ಲು. ಜೊತೆಗಿದ್ದವರು ಫಾತಿಮಾ ಶೇಖ್. ಧಾರವಾಡದ ಹುಡುಗನನ್ನು ಹೊರಗೆ ನಿಲ್ಲಿಸಿದ ಅದೇ 1856ರಲ್ಲಿ, ಕಾಯಿಲೆ ಬಿದ್ದು ತವರಿನಲ್ಲಿದ್ದ ಸಾವಿತ್ರಿಬಾಯಿ ಗಂಡನಿಗೆ ಪತ್ರ ಬರೆದರು. ನಾನಿಲ್ಲದೆ ಫಾತಿಮಾಗೆ ಎಷ್ಟು ಕಷ್ಟವಾಗಿದೆಯೋ ಎಂಬ ಚಿಂತೆ ಅದರಲ್ಲಿದೆ. ಮೇಷ್ಟ್ರಿಗೆ ಆಸರೆ ಅಂದ್ರೆ ಇದೇ. ಇಲ್ಲಿ ಮೇಲಧಿಕಾರಿ ಇಲ್ಲ. ನನ್ನ ತರಗತಿಯ ಭಾರವನ್ನು ತನ್ನ ಹೆಗಲಿಗೆ ಹಾಕಿಕೊಂಡ ಜೊತೆಗಾರ್ತಿ ಇದ್ದಾಳೆ. ಅದರ ಫಲ ಏನು? ಅವರ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಹುಡುಗಿ ಮುಕ್ತಾ, ಮಾಂಗ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ಅದು 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು.

1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಫುಲೆ ಹೇಳಿಕೆ ಕೊಟ್ಟರು. ಹಳ್ಳಿಯ ಪ್ರತಿಯೊಬ್ಬ ಮೇಷ್ಟ್ರೂ ಅದನ್ನು ಓದಬೇಕು. ಮೇಷ್ಟ್ರುಗಳು ಆದಷ್ಟೂ ದುಡಿಯುವ ಜನರಿಂದ ಬರಲಿ, ನೇಗಿಲ ಮೇಣಿ ಹಿಡಿಯಲು ನಾಚದವರಾಗಲಿ ಅಂದರು. ತರಬೇತಿ ಪಡೆದವರಿಗೆ ತಿಂಗಳಿಗೆ 12 ರೂಪಾಯಿಗೆ ಕಡಿಮೆ ಇಲ್ಲದ ಸಂಬಳ ಕೇಳಿದರು. ಇನ್ನೊಂದು ಮಾತನ್ನೂ ಆಡಿದರು. ಡೆಪ್ಯುಟಿ ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ಬಂದು ಹೋದರೆ ಏನೂ ಪ್ರಯೋಜನವಿಲ್ಲ, ಮೂರು ತಿಂಗಳಿಗೊಮ್ಮೆಯಾದರೂ ಬರಬೇಕು, ಬರುವ ಸುದ್ದಿಯನ್ನೂ ಕೊಡಬಾರದು. ನೋಡಿ, ತೋರಣ ಕಟ್ಟುವ ನಾಟಕ ಆ ಕಾಲಕ್ಕೇ ಫುಲೆಯವರಿಗೆ ಗೊತ್ತಿತ್ತು!

ಆದರೆ ಆ ಕಾಲದ ಇನ್ಸ್‌ಪೆಕ್ಟರ್ ಗಿರಿಯ ಬೇರು ಹಣದಲ್ಲಿತ್ತು. ಅನುದಾನ ಪಡೆವ ಶಾಲೆಗಳಲ್ಲಿ ಪರೀಕ್ಷೆಯ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ನಡೆಯುತ್ತಿತ್ತು. ಸಾಹೇಬ ಕೇಳಿದ್ದಕ್ಕೆ ಮಗು ಉತ್ತರ ಕೊಟ್ಟರೆ ದುಡ್ಡು, ಕೊಡದಿದ್ದರೆ ಇಲ್ಲ. ಹೀಗಿರುವಾಗ ನಿಧಾನವಾಗಿ ಕಲಿಯುವ ಮಗು ಮೇಷ್ಟ್ರಿಗೆ ಹೊರೆಯಾಗದೆ ಇನ್ನೇನಾದೀತು? ಮನೆಯಲ್ಲಿ ಪುಸ್ತಕವಿಲ್ಲದ, ಕೂಲಿಗೆ ಹೋಗಿ ಬಂದು ಕೂರುವ ನಮ್ಮ ಮಗು ಹಿಂದಿನ ಸಾಲಿಗೆ ಸರಿಯಿತು. ಇಪ್ಪತ್ತನೇ ಶತಮಾನದ ಆರಂಭಕ್ಕೆ ಆ ಪದ್ಧತಿ ಹೋಯಿತು. ಅದು ಹುಟ್ಟಿಸಿದ ಭಯ ಹೋಗಲಿಲ್ಲ.

ಸ್ವಾತಂತ್ರ್ಯ ಬಂತು. 1966ರಲ್ಲಿ ಕೊಠಾರಿ ಆಯೋಗ ವರದಿ ಕೊಟ್ಟಿತು. ಒಂದು ಪ್ರೌಢಶಾಲೆ, ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳು ಒಂದು ಗುಂಪಾಗಿ ಒಂದಕ್ಕೊಂದು ನೆರವಾಗಲಿ ಎಂದು ಅದು ಹೇಳಿತು. ಆಡಳಿತ ನಡೆಸುವವರು ಬೇರೆ, ಪಾಠಕ್ಕೆ ದಾರಿ ತೋರುವವರು ಬೇರೆ ಇರಲಿ ಎಂದೂ ಹೇಳಿತು. ಮಾತು ಚೆನ್ನಾಗಿತ್ತು. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಬರತೊಡಗಿತು. 1994ರಲ್ಲಿ ಡಿ.ಪಿ.ಇ.ಪಿ. ಯೋಜನೆ ನಮ್ಮ ರಾಜ್ಯದ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿಗೆ ಮೊದಲು ಬಂತು. ತಾಲ್ಲೂಕಿಗೆ ಬಿ.ಆರ್.ಸಿ., ಹತ್ತಾರು ಶಾಲೆಗಳ ಕ್ಲಸ್ಟರಿಗೆ ಸಿ.ಆರ್.ಸಿ., ಅಲ್ಲಿಗೆ ಸಿ.ಆರ್.ಪಿ. ಎಂಬ ಹೊಸ ಮನುಷ್ಯ. ಆತನೂ ಮೇಷ್ಟ್ರೇ, ಸಾಹೇಬನಲ್ಲ. ಶಾಲೆಯಿಂದ ಶಾಲೆಗೆ ಹೋಗಿ ಪಾಠ ನೋಡಬೇಕು, ತಾನೂ ಪಾಠ ಮಾಡಿ ತೋರಿಸಬೇಕು, ತಿಂಗಳ ಸಮಾಲೋಚನಾ ಸಭೆಯಲ್ಲಿ ಎಲ್ಲರನ್ನೂ ಕೂಡಿಸಬೇಕು. ಫುಲೆ ಕೇಳಿದ್ದು ನೂರು ವರ್ಷ ದಾಟಿದ ಮೇಲೆ ಒಂದು ಹುದ್ದೆಯಾಗಿ ಬಂತು.

ಅದೇ ಹೊತ್ತಿಗೆ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಒಂದು ಕೆಲಸ ನಡೆಯಿತು. ಕಬಿನಿ ಅಣೆಕಟ್ಟಿನಿಂದ ಎತ್ತಂಗಡಿಯಾದವರ, ಜೇನುಕುರುಬರ ಹಾಡಿಗಳ ತಾಲ್ಲೂಕು ಅದು. ಅಲ್ಲಿನ ಕೆಲವು ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ತಾವೇ ಕಾರ್ಡು ಬರೆದರು, ಊರ ಹಾಡು, ಊರ ಕತೆ ಸೇರಿಸಿದರು, ತರಗತಿಯಲ್ಲಿ ಇಟ್ಟು ನೋಡಿದರು, ಮತ್ತೆ ಕೂಡಿ ಕೂತು ತಿದ್ದಿದರು. ಅದೇ ನಲಿ-ಕಲಿ. ಮಕ್ಕಳು ಗುಂಪಾಗಿ ನೆಲದ ಮೇಲೆ, ಮೇಷ್ಟ್ರೂ ನೆಲದ ಮೇಲೆ. ಹಿಂದಿನ ಸಾಲು ಅನ್ನುವುದೇ ಇಲ್ಲವಾಯಿತು. ಒಂದು ವಾರ ಶಾಲೆಗೆ ಬಾರದ ಕೂಲಿಯವರ ಮಗು, ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತಬಹುದಿತ್ತು.

2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಒಳ್ಳೆಯದೇ. ಆದರೆ ಹೋದದ್ದು ಏನು? ಕಾರ್ಡಿನ ಪೆಟ್ಟಿಗೆ ಹೋಯಿತು, ಕೆಲವು ದಿನದ ತರಬೇತಿ ಹೋಯಿತು. ಕೋಟೆಯ ಮೇಷ್ಟ್ರುಗಳು ಮತ್ತೆ ಮತ್ತೆ ಕೂಡಿ ತಮ್ಮ ತಪ್ಪನ್ನು ತಾವೇ ಹೇಳಿಕೊಂಡು ತಿದ್ದಿಕೊಂಡ ಆ ಕೂಟ ಮಾತ್ರ ಪೆಟ್ಟಿಗೆಯೊಳಗೆ ಹಿಡಿಯಲಿಲ್ಲ. ಹೀಗಾಗಿ ಎಷ್ಟೋ ಕಡೆ ತಾನು ಬರೆಯದ ಕಾರ್ಡು ಮೇಷ್ಟ್ರಿಗೆ ಮತ್ತೊಂದು ಆಜ್ಞೆಯಾಯಿತು.

ಸಿ.ಆರ್.ಪಿ. ಏನಾದ? ನಮ್ಮ ಗೆಳೆಯನೊಬ್ಬ ದೂರದ ಹಳ್ಳಿಯಲ್ಲಿ ಮೇಷ್ಟ್ರು. ಜಾತಿ ಕೇಳಿದ ಮೇಲೆ ಆ ಊರಲ್ಲಿ ಯಾರೂ ಬಾಡಿಗೆ ಮನೆ ಕೊಡಲಿಲ್ಲ. ದಿನಾ ಎರಡು ಬಸ್ಸು ಹತ್ತಿ ಹೋಗಿ ಬರುತ್ತಾನೆ. ಅವನು ಹೇಳುತ್ತಾನೆ: "ಸಿ.ಆರ್.ಪಿ. ಒಳ್ಳೆ ಮನುಷ್ಯನೇ ಕಣ್ರೋ. ಆದ್ರೆ ಬಂದ್ರೆ ಮೊಟ್ಟೆ ಲೆಕ್ಕ, ಶೂ ಲೆಕ್ಕ, ಆಧಾರ್ ಲೆಕ್ಕ. ಮೂರನೇ ಕ್ಲಾಸಿನ ಹುಡುಗಿಗೆ ಒತ್ತಕ್ಷರ ಬರ್ತಿಲ್ಲ, ಏನ್ಮಾಡ್ಲಿ ಅಂತ ಕೇಳೋಣ ಅನ್ನೋಷ್ಟರಲ್ಲಿ ಬೈಕ್ ಹತ್ತಿರ್ತಾನೆ. ಪಾಪ, ಅವನಿಗೂ ಸಂಜೆ ಒಳಗೆ ಮಾಹಿತಿ ಕಳಿಸ್ಬೇಕು."

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಮೇಷ್ಟ್ರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅಂತ ಬರೆಯಿತು. ಗಂಟೆ ಎಣಿಸಬಹುದು. ಮೊಬೈಲಿನಲ್ಲಿ ಪಾಠ ಓಡಿಸಿ ಪ್ರಮಾಣಪತ್ರವನ್ನೂ ಇಳಿಸಿಕೊಳ್ಳಬಹುದು. ನಮ್ಮ ಗೆಳೆಯನಿಗೆ ಬೇಕಾಗಿರುವುದು ಒತ್ತಕ್ಷರ ಬಾರದ ಆ ಹುಡುಗಿಯ ಪಕ್ಕ ಅವನ ಜೊತೆ ಕೂರುವ ಒಬ್ಬ ಮನುಷ್ಯ. ಇವತ್ತು ಬಂದವನು ಹದಿನೈದು ದಿನ ಬಿಟ್ಟು ಮತ್ತೆ ಬರಬೇಕು. ಹೋದ ಸಲ ಹೇಳಿದ್ದು ಫಲಿಸಿತಾ ಅಂತ ಕೇಳಬೇಕು, ಫಲಿಸದಿದ್ದರೆ ತಪ್ಪು ನನ್ನದೂ ಇರಬಹುದು ಅನ್ನಬೇಕು.

ನಮ್ಮ ಬೇಡಿಕೆ ದೊಡ್ಡದಲ್ಲ. ಸಿ.ಆರ್.ಪಿ.ಯ ಕೈಯಿಂದ ಲೆಕ್ಕದ ಹಾಳೆ ಕಿತ್ತುಕೊಳ್ಳಿ, ಆತನನ್ನು ತರಗತಿಗೆ ಮರಳಿಸಿ. ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದು ನಿಲ್ಲಲಿ, ಮೇಷ್ಟ್ರು ತನ್ನ ತರಗತಿಯ ಕಷ್ಟವನ್ನು ಹೆದರದೆ ಹೇಳಿಕೊಳ್ಳಲಿ. ಆ ಸಭೆಯಲ್ಲಿ ಜಾತಿಯ ಮಾತೂ ಬರಲಿ. ಯಾವ ಮಗು ಎಲ್ಲಿ ಕೂರುತ್ತದೆ, ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂರುವುದಿಲ್ಲ, ಯಾರ ಹೆಸರು ಹಿಡಿದು ಕರೆಯುತ್ತೇವೆ, ಯಾರನ್ನು ಜಾತಿ ಹಿಡಿದು ಕರೆಯುತ್ತೇವೆ. ಇದನ್ನು ಕೇಳದ ತರಬೇತಿ ನಮ್ಮ ಮಕ್ಕಳ ಪಾಲಿಗೆ ತರಬೇತಿಯೇ ಅಲ್ಲ.

ಸರ್ಕಾರ ಮಾಡುವವರೆಗೂ ನಾವು ಕಾಯಬೇಕಿಲ್ಲ. ಸಾವಿತ್ರಿಬಾಯಿ, ಫಾತಿಮಾ ಯಾವ ಆದೇಶಕ್ಕೂ ಕಾಯಲಿಲ್ಲ. ಪಕ್ಕದೂರಿನ ಶಾಲೆಯ ಮೇಷ್ಟ್ರ ಜೊತೆ ಶನಿವಾರ ಮಧ್ಯಾಹ್ನ ಒಂದು ಗಂಟೆ ಕೂರಲು ಯಾರ ಅಪ್ಪಣೆಯೂ ಬೇಕಿಲ್ಲ. ಇನ್ನು ಸಾಹೇಬ್ರು ಬರುವುದಾದರೆ ಬರಲಿ. ಹಾಜರಿ ಪುಸ್ತಕ ಆಮೇಲೆ ತಿರುವಲಿ. ಈ ಅಂಗಳ ಇವತ್ತು ಗುಡಿಸಿದವರು ಯಾರು ಅಂತ ಮೊದಲು ಕೇಳಲಿ.