ಪದ ಪರಿಚಯ: ಪ್ರೊಪಗಾಂಡ

'ಅದೆಲ್ಲಾ ಬರೀ ಪ್ರೊಪಗಾಂಡ' ಎಂಬ ಮಾತು ಚುನಾವಣೆಯ ಕಾಲದಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಜನರ ಮನಸ್ಸನ್ನು ತಿರುಗಿಸಲು ಹಬ್ಬಿಸುವ ಏಕಪಕ್ಷೀಯ ಅಥವಾ ಸುಳ್ಳು ಪ್ರಚಾರ ಎಂಬುದು ಈ ಇಂಗ್ಲಿಷ್ ಪದದ ಇಂದಿನ ಅರ್ಥ. ಆದರೆ ಇದು ಹೊರಟು ಬಂದದ್ದು ಧರ್ಮಸಭೆಯಿಂದ.

ಮೂಲ: ಲತೀನ್ ಭಾಷೆಯ 'ಪ್ರೊಪಗಾರೆ' ತೋಟಗಾರರ ಮಾತು. ಬಳ್ಳಿಯ ರೆಂಬೆಯನ್ನು ಮಣ್ಣಿಗೆ ಬಾಗಿಸಿ, ಬೇರು ಬಂದ ಮೇಲೆ ಹೊಸ ಗಿಡವಾಗಿ ಬೆಳೆಸುವುದನ್ನು ಹಾಗೆ ಕರೆಯುತ್ತಿದ್ದರು. 'ಪ್ರೊಪಗಾಂಡ' ಎಂದರೆ 'ಹಬ್ಬಿಸಬೇಕಾದದ್ದು'.

ಧರ್ಮಸಭೆಯಲ್ಲಿ: 1622ರಲ್ಲಿ ಜಗದ್ಗುರು ಹದಿನೈದನೇ ಗ್ರೆಗರಿಯವರು ಮಿಷನ್ ಪ್ರದೇಶಗಳ ಮೇಲ್ವಿಚಾರಣೆಗಾಗಿ ಕಾರ್ಡಿನಲರ ಒಂದು ಮಂಡಳಿಯನ್ನು ಸ್ಥಾಪಿಸಿದರು. 'ವಿಶ್ವಾಸ ಪ್ರಸಾರ' ಎಂಬ ಅರ್ಥದ 'ಪ್ರೊಪಗಾಂಡ ಫಿದೆ' ಅದರ ಹೆಸರು. ಜನ ಅದನ್ನು ಚಿಕ್ಕದಾಗಿ 'ಪ್ರೊಪಗಾಂಡ' ಎಂದೇ ಕರೆದರು. ಮಿಷನರಿಗಳ ತರಬೇತಿಗಾಗಿ 1627ರಲ್ಲಿ ಎಂಟನೇ ಉರ್ಬಾನರು ರೋಮಿನಲ್ಲಿ ಕಾಲೇಜನ್ನೂ ತೆರೆದರು.

ನಮ್ಮ ನಾಡಿನಲ್ಲಿ: 1637ರಲ್ಲಿ ಈ ಮಂಡಳಿ ಗೋವಾ ಮೂಲದ ಮತೆವುಸ್ ದೆ ಕಾಸ್ತ್ರೊ ಅವರನ್ನು ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಪ್ರೇಷಿತ ಪ್ರತಿನಿಧಿಯಾಗಿ ನೇಮಿಸಿತು. ಭಾರತೀಯರೊಬ್ಬರು ಧರ್ಮಾಧ್ಯಕ್ಷರಾದದ್ದು ಗೋವಾದ ಪೋರ್ಚುಗೀಸರಿಗೆ ಹಿಡಿಸಲಿಲ್ಲ. ಇಲ್ಲಿನ ಧರ್ಮಾಧ್ಯಕ್ಷರನ್ನು ಸೂಚಿಸುವ 'ಪದ್ರೊವಾದೊ' ಹಕ್ಕು ತಮ್ಮ ರಾಜನದು ಎಂಬುದು ಅವರ ವಾದ. ಪದ್ರೊವಾದೊ-ಪ್ರೊಪಗಾಂಡ ಜಗಳ ಮುಂದೆ ಕರಾವಳಿಯ ಕ್ರೈಸ್ತರನ್ನೂ ಬಹುಕಾಲ ಕಾಡಿತು. 1886ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಭಾರತದಲ್ಲಿ ಧರ್ಮಪ್ರಾಂತ್ಯಗಳ ವ್ಯವಸ್ಥೆಯನ್ನು ಜಾರಿಗೆ ತಂದಾಗ ಮಂಗಳೂರೂ ಧರ್ಮಪ್ರಾಂತ್ಯವಾಯಿತು.

ಅರ್ಥ ಕೆಟ್ಟದ್ದು ಹೇಗೆ? ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಪದವು ರಾಜಕೀಯಕ್ಕೆ ಕಾಲಿಟ್ಟಿತು. ಮೊದಲ ಮಹಾಯುದ್ಧದಲ್ಲಿ ಸರಕಾರಗಳು ಶತ್ರುವಿನ ವಿರುದ್ಧ ಜನರನ್ನು ಕೆರಳಿಸಲು ಪ್ರಚಾರವನ್ನೇ ಆಯುಧ ಮಾಡಿಕೊಂಡವು. 1933ರಲ್ಲಿ ಜರ್ಮನಿಯ ನಾಜಿಗಳು ಗೋಬೆಲ್ಸ್‌ನ ಕೈಗೆ 'ಪ್ರೊಪಗಾಂಡ' ಖಾತೆಯನ್ನು ಕೊಟ್ಟರು. ಅಲ್ಲಿಗೆ ಪದದ ಮಾನ ಹೋಯಿತು.

1967ರಲ್ಲಿ ಜಗದ್ಗುರು ಆರನೇ ಪೌಲರು ಮಂಡಳಿಗೆ 'ಜನಾಂಗಗಳ ಸುವಾರ್ತಾ ಪ್ರಸಾರ'ದ ಮಂಡಳಿ ಎಂಬ ಹೆಸರು ಕೊಟ್ಟರು. 2022ರಲ್ಲಿ ಜಗದ್ಗುರು ಫ್ರಾನ್ಸಿಸರು ಅದನ್ನು ಸುವಾರ್ತಾ ಪ್ರಸಾರದ ಹೊಸ ವಿಭಾಗದಲ್ಲಿ ಸೇರಿಸಿದರು. ಇದಕ್ಕೆ ಸ್ವತಃ ಜಗದ್ಗುರುಗಳೇ ಮುಖ್ಯಸ್ಥರು.

ಪೋರ್ಚುಗೀಸ್ ಭಾಷೆಯಲ್ಲಿ 'ಪ್ರೊಪಗಾಂಡ' ಇಂದಿಗೂ ಸಾಮಾನ್ಯ ಜಾಹೀರಾತಿಗೆ ಸಲ್ಲುವ ಪದ. ಕನ್ನಡದಲ್ಲಿ ನಮಗೆ 'ಪ್ರಚಾರ', 'ಅಪಪ್ರಚಾರ' ಎಂದು ಎರಡು ಪದಗಳಿರುವುದರಿಂದ ಗೊಂದಲವಿಲ್ಲ. ಹಳೆಯ ಚರ್ಚ್ ಚರಿತ್ರೆಗಳಲ್ಲಿ 'ಪ್ರೊಪಗಾಂಡದ ಪಾದ್ರಿಗಳು' ಎಂದು ಓದಿದಾಗ, ಓದುಗರು ಅವರನ್ನು ಸುಳ್ಳು ಹಬ್ಬಿಸಿದವರೆಂದು ತಿಳಿಯಬಾರದು. ರೋಮಿನ ಆ ಮಂಡಳಿಯ ಅಧೀನದಲ್ಲಿದ್ದವರು ಎಂದಷ್ಟೇ ಅದರ ಅರ್ಥ.