ಪಥ್ಯಕ್ಕೆ ಎರಡು ನಾಲಿಗೆ

‘ಹೊಸ ಸೂತ್ರ ವರಿಷ್ಠರಿಗೆ ಪಥ್ಯವಾಗಲಿಲ್ಲ.’ ಇಂಥದೊಂದು ಸಾಲು ವಾರಕ್ಕೊಮ್ಮೆಯಾದರೂ ಪತ್ರಿಕೆಯಲ್ಲಿ ಕಣ್ಣಿಗೆ ಬೀಳುತ್ತದೆ. ಬಿದ್ದ ಕೂಡಲೇ ನನಗೆ ರಾಜಕೀಯವೆಲ್ಲ ಮರೆತು ಹುರಿದಕ್ಕಿ ಗಂಜಿಯ ವಾಸನೆ ಬರುತ್ತದೆ. ಖಾದಿ ತೊಟ್ಟ ಹಿರಿಯರೊಬ್ಬರು ಕಂಬಳಿ ಹೊದ್ದು, ಗಂಜಿ ಬಟ್ಟಲು ಮುಂದಿಟ್ಟುಕೊಂಡು, ಮುಖ ಕಿವುಚಿ ಕೂತಂತೆ ಕಾಣುತ್ತದೆ. ಪಕ್ಕದಲ್ಲಿ ನಮ್ಮಜ್ಜಿ ನಿಂತಿರುತ್ತಾಳೆ: ‘ಮೂಗು ಮುಚ್ಕಂಡು ಕುಡಿ, ಎಂತದೂ ಆಗಲ್ಲ.’

ಅಜ್ಜಿ ಕಲಿಸಿದ ಪಥ್ಯಕ್ಕೂ ಪತ್ರಿಕೆಯ ಪಥ್ಯಕ್ಕೂ ತಾಳೆಯಾಗುವುದಿಲ್ಲ. ಅಜ್ಜಿಯ ಲೆಕ್ಕದಲ್ಲಿ ಪಥ್ಯವೆಂದರೆ ನಾಲಿಗೆ ಬೇಡವೆಂದದ್ದು, ಮೈಗೆ ಬೇಕಾದದ್ದು. ಪತ್ರಿಕೆಯವರ ಲೆಕ್ಕದಲ್ಲಿ ಹಿಡಿಸಿದ್ದು, ರುಚಿಸಿದ್ದು. ವರಿಷ್ಠರಿಗೆ ಆ ಸೂತ್ರ ರುಚಿಸಲಿಲ್ಲ ಎಂದ ಮೇಲೆ ಅಜ್ಜಿಯ ಪ್ರಕಾರ ಅದು ಅಪ್ಪಟ ಪಥ್ಯವೇ ಆಗಿರಬೇಕಲ್ಲ?

ನಾನು ಈ ಪದ ಕಲಿತದ್ದು 1984ರ ಆಷಾಢದಲ್ಲಿ, ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ. ಆಗ ಆರನೇ ಕ್ಲಾಸು. ಜಡಿಮಳೆ. ಎರಡು ದಿನದಿಂದ ಊಟದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೂರನೇ ದಿನ ಬೆಳಗ್ಗೆ ಅಜ್ಜಿ ನನ್ನನ್ನು ಜಗಲಿಯ ಬೆಳಕಿಗೆ ಎಳೆದು, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ‘ಕಾಮಾಲೆ’ ಎಂದಳು. ಒಳಗಿದ್ದ ಅಮ್ಮ ಕಾವಲಿ ಕೆಳಗಿಳಿಸಿದ ಸದ್ದು ಕೇಳಿತು. ದೋಸೆಗೂ ನನಗೂ ಆ ಗಳಿಗೆಗೆ ಸಂಬಂಧ ಕಡಿಯಿತು. ಇಪ್ಪತ್ತೊಂದು ದಿನ ಎಂದು ತೀರ್ಪಾಯಿತು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಉಪ್ಪಿಲ್ಲ, ಖಾರವಿಲ್ಲ. ಅರಿಸಿನವೂ ಇಲ್ಲ, ಯಾಕೆಂದರೆ ಅದು ಹಳದಿ. ರೋಗವೂ ಹಳದಿ, ಅರಿಸಿನವೂ ಹಳದಿ, ಎರಡೂ ಸೇರಿದರೆ ಏನು ಗತಿ!

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಎಂಬ ಗಾದೆಯನ್ನು ಮಾಡಿದವನಿಗೆ ಕಾಮಾಲೆ ಆಗಿರಲಿಕ್ಕಿಲ್ಲ. ನನಗಂತೂ ಎಲ್ಲವೂ ಇದ್ದ ಬಣ್ಣದಲ್ಲೇ ಕಾಣುತ್ತಿತ್ತು. ನೋಡಲು ಬಂದವರು ಮಾತ್ರ ನನ್ನನ್ನು ಹಳದಿ ವಸ್ತುವಿನಂತೆ ನೋಡಿ ಹೋಗುತ್ತಿದ್ದರು.

ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿಯನ್ನು ಬೇರುಸಮೇತ ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದರು. ಅದು ಮದ್ದು, ಒಂದು ಗುಟುಕಿಗೆ ಮುಗಿಯುತ್ತಿತ್ತು. ಪಥ್ಯ ದಿನವಿಡೀ ಇರುತ್ತಿತ್ತು. ಮದ್ದನ್ನು ಕುಡಿಯುತ್ತೇವೆ, ಪಥ್ಯವನ್ನು ಮಾತ್ರ ಕನ್ನಡಿಗರು ‘ಮಾಡು’ತ್ತಾರೆ, ‘ಹಿಡಿ’ಯುತ್ತಾರೆ, ‘ಇರು’ತ್ತಾರೆ, ಕೊನೆಗೆ ‘ಮುರಿ’ಯುತ್ತಾರೆ ಅಥವಾ ‘ಕೆಡಿಸು’ತ್ತಾರೆ. ವ್ರತಕ್ಕೆ ಬಳಸುವ ಕ್ರಿಯಾಪದಗಳೇ ಇದಕ್ಕೂ. ವ್ರತಭಂಗವಾದರೆ ಪಾಪ ತಟ್ಟುತ್ತದೆ, ಪಥ್ಯಭಂಗವಾದರೆ ರೋಗ ಮರುಕಳಿಸುತ್ತದೆ. ‘ಮರುಕಳಿಸಿದ್ರೆ ಮತ್ತೆ ಇಪ್ಪತ್ತೊಂದು ದಿನ’ ಎಂದು ಅಜ್ಜಿ ದಿನಕ್ಕೆರಡು ಸಲ ಜ್ಞಾಪಿಸುತ್ತಿದ್ದಳು.

ಶಾಲೆ ತಪ್ಪಿದ ಖುಷಿ ನಾಲ್ಕು ದಿನ ಇತ್ತು. ಆಮೇಲೆ ಹತ್ತು ಗಂಟೆಗೆ ಗುಡ್ಡದಾಚೆಯಿಂದ ಬೆಲ್ಲು ಕೇಳಿದಾಗಲೆಲ್ಲ ಒಂಥರಾ ಆಗುತ್ತಿತ್ತು. ಹಳೆಯ ಚಂದಮಾಮಗಳನ್ನು ಓದಿ ಮುಗಿಸಿ, ಜಾಹೀರಾತುಗಳನ್ನೂ ಓದಿ ಮುಗಿಸಿ, ಕೊನೆಗೆ ಸೂರಿನಿಂದ ಬೀಳುವ ಹನಿ ಎಣಿಸುವ ಮಟ್ಟಕ್ಕೆ ಬಂದೆ. ವಾರಕ್ಕೊಮ್ಮೆ ಅಪ್ಪ ಪೇಟೆಯಿಂದ ಬ್ರೆಡ್ಡು ತರುತ್ತಿದ್ದರು. ಆಗಿನ ಹಳ್ಳಿಗಳಲ್ಲಿ ಬ್ರೆಡ್ಡು ತಿಂಡಿಯಲ್ಲ, ವೈದ್ಯಕೀಯ ಸಾಮಾನು. ಮೇಣದ ಕಾಗದದ ಪೊಟ್ಟಣ ಕೈಯಲ್ಲಿದ್ದರೆ ಬಸ್ಸಿನಲ್ಲಿ ಪಕ್ಕದವರು ‘ಯಾರಿಗೆ ಹುಷಾರಿಲ್ಲ?’ ಎಂದೇ ಕೇಳುತ್ತಿದ್ದರು. ಈಗಲೂ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡು ಎಂದರೆ ನಾನು ಒಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಕಾಮಾಲೆಯದು ಒಬ್ಬನ ಪಥ್ಯ. ಸೀತಾಳೆ ಸಿಡುಬಿನದು ಇಡೀ ಮನೆಯ ಪಥ್ಯ. ಮರುವರ್ಷ ತಂಗಿಗೆ ಮೈಮೇಲೆ ನೀರುಗುಳ್ಳೆ ಎದ್ದಾಗ ಯಾರೂ ರೋಗದ ಹೆಸರೆತ್ತಲಿಲ್ಲ. ‘ಅಮ್ಮ ಬಂದಿದಾಳೆ’ ಎಂದರು. ಸಾಗರದ ಮಾರಿಕಾಂಬೆಯ ಜಾತ್ರೆಯಾದರೆ ಮೂರು ವರ್ಷಕ್ಕೊಮ್ಮೆ, ಮೊದಲೇ ಗೊತ್ತಿರುತ್ತದೆ; ಈ ಅಮ್ಮ ಹೇಳದೆ ಕೇಳದೆ ಬರುವವಳು. ಹಾಸಿಗೆಯ ಸುತ್ತ ಬೇವಿನ ಸೊಪ್ಪು ಬಂತು. ಅಡುಗೆಮನೆಯಲ್ಲಿ ಕರಿಯುವುದು, ಹುರಿಯುವುದು ನಿಂತಿತು. ಒಗ್ಗರಣೆಯೂ ನಿಂತಿತು. ಸಾಸಿವೆ ಸಿಡಿದರೆ ಅಮ್ಮನಿಗೆ ಸಿಟ್ಟು ಬಂದು ಮೈಮೇಲೂ ಸಿಡಿಯುತ್ತದಂತೆ. ಒಗ್ಗರಣೆಯ ರುಚಿ ಇಲ್ಲದೆ ಉಣ್ಣಬಹುದು, ಆದರೆ ಆ ಚಟಪಟ ಸದ್ದೇ ಇಲ್ಲದ ಮಧ್ಯಾಹ್ನವಿದೆಯಲ್ಲ, ಅದು ಸಾವಿನ ಮನೆಯ ಮಧ್ಯಾಹ್ನದ ಹಾಗಿರುತ್ತಿತ್ತು. ಮೂರನೇ ನೀರು ಹಾಕಿ, ಮೊಸರನ್ನದ ಎಡೆಯಿಟ್ಟು ಅಮ್ಮನನ್ನು ಕಳಿಸಿಕೊಟ್ಟ ದಿನ ಸಾರಿಗೆ ಒಗ್ಗರಣೆ ಬಿತ್ತು. ಆ ಸದ್ದಿಗೆ ಹಾಸಿಗೆಯಲ್ಲಿದ್ದ ತಂಗಿ ನಕ್ಕಳು. ಈಗಿನವರು ಅವಳಿಗೆ ಜ್ವರ ಇಳಿದಿತ್ತು, ಗುಳ್ಳೆ ಒಣಗಿತ್ತು ಎನ್ನುತ್ತಾರೆ. ಇರಬಹುದು.

ಇನ್ನು ಮಂಗನಬಾವು. ನಮ್ಮ ಜಿಲ್ಲೆಯಲ್ಲಿ ಈ ಹೆಸರಿಗೊಂದು ಫಜೀತಿ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣ್ಣೆ ಕಚ್ಚಿ ಬರುವ ಮಾರಣಾಂತಿಕ ಜ್ವರಕ್ಕೆ ಇಲ್ಲಿ ‘ಮಂಗನಕಾಯಿಲೆ’ ಎನ್ನುತ್ತಾರೆ. ನನ್ನ ರಜಾಚೀಟಿಯಲ್ಲಿ ‘ಮಂಗ’ ಎಂಬಷ್ಟನ್ನು ಓದಿದ ಹೊಸ ಮೇಷ್ಟ್ರು ಹೌಹಾರಿದ್ದರಂತೆ. ಪಾಪ, ಕೆನ್ನೆ ಊದಿದ ಹುಡುಗನಷ್ಟೇ ನಾನು. ಮಂಗನಬಾವಿನಲ್ಲಿ ಪಥ್ಯ ಹೇಳಲು ಯಾರೂ ಬೇಕಿಲ್ಲ. ಹುಳಿ ಬಾಯಿಗೆ ಬಿದ್ದರೆ ಊದಿಕೊಂಡ ಜೊಲ್ಲಿನ ಗ್ರಂಥಿಯೇ ಹಿಂಡಿದಂತಾಗಿ ಕಿವಿಯ ಬುಡದಲ್ಲಿ ಜೀವ ಹೋಗುತ್ತದೆ. ಹುಣಿಸೆಹಣ್ಣು ನೆನಪಾದರೂ ಸಾಕು. ನಾಲಿಗೆ, ಮೈ ಎರಡೂ ಒಂದೇ ಮಾತಾಡಿದ ಏಕೈಕ ಕಾಯಿಲೆ ಅದು.

ಇಷ್ಟೆಲ್ಲ ಮಾಡಿದ್ದು ಸರಿಯೋ ತಪ್ಪೋ? ಕಾಮಾಲೆಯ ವಿಷಯದಲ್ಲಿ ಅಜ್ಜಿಗೆ ಅಂಕ ಕಡಿಮೆ. ಮಕ್ಕಳಿಗೆ ಸಾಮಾನ್ಯವಾಗಿ ಕಾಮಾಲೆ ತರುವುದು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಬಹುಪಾಲು ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ವಾಕರಿಕೆ ಇಲ್ಲದಿದ್ದರೆ ಎಂದಿನ ಊಟವನ್ನೇ ಮಾಡಿ ಎನ್ನುತ್ತಾರೆ ಈಗಿನ ವೈದ್ಯರು. ಉಪ್ಪೂ ಅರಿಸಿನವೂ ಏನೂ ಕೆಡಿಸುವುದಿಲ್ಲ. ನೆಲನೆಲ್ಲಿಯ ಕತೆ ಬೇರೆ. ಹೆಪಟೈಟಿಸ್ ಬಿ ವೈರಾಣು ಇರುವವರಿಗೆ ಅದರಿಂದ ಗುಣವಿದೆ ಎಂದು 1988ರಲ್ಲಿ ಮದರಾಸಿನ ಸಂಶೋಧಕರ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದು ಜಗತ್ತೆಲ್ಲ ತಿರುಗಿ ನೋಡಿತ್ತು. ಆಮೇಲಿನ ಪ್ರಯೋಗಗಳಲ್ಲಿ ಆ ಫಲ ಅಷ್ಟಾಗಿ ಕೈಗೆ ಸಿಗಲಿಲ್ಲ.

ಗಂಜಿಯ ವಿಷಯದಲ್ಲಿ ಮಾತ್ರ ಅಜ್ಜಿಗೆ ಪೂರ್ತಿ ಅಂಕ. ಹೊಟ್ಟೆ ಕೆಟ್ಟು ಭೇದಿಯಾದಾಗ ಅವಳು ಕೊಡುತ್ತಿದ್ದುದು ಉಪ್ಪು ಹಾಕಿದ ಗಂಜಿತಿಳಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಕಿಕ್ಕಿರಿದಿದ್ದ ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲುಕೋಸು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶಿಬಿರದಲ್ಲಿ ಶೇ 30ರ ಆಸುಪಾಸಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಕರುಳು ಉಪ್ಪನ್ನು ಒಂಟಿಯಾಗಿ ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಕ್ಕರೆ ಕೈಹಿಡಿದು ಕರೆದುಕೊಂಡು ಬರಬೇಕು, ಆಗ ಹಿಂದೆಯೇ ನೀರೂ ಬರುತ್ತದೆ. ಅಕ್ಕಿಯ ಗಂಜಿ ಒಡೆದರೆ ಗ್ಲುಕೋಸೇ. ಅಜ್ಜಿಗೆ ಕರುಳಿನ ಈ ದಾಕ್ಷಿಣ್ಯ ಗೊತ್ತಿರಲಿಲ್ಲ, ಗಂಜಿ ಗೊತ್ತಿತ್ತು.

ಈಗ ಮನೆಗಳಲ್ಲಿ ಪಥ್ಯ ಕಡಿಮೆಯಾಗಿ ಡಯಟ್ ಬಂದಿದೆ. ಗ್ರೀಕ್ ಮೂಲದಲ್ಲಿ ಡಯಟ್ ಎಂದರೆ ಬಾಳುವ ಬಗೆ ಎಂದರ್ಥ, ಆದ್ದರಿಂದ ವಂಶದಲ್ಲಿ ಅದೇನೂ ಕೀಳಲ್ಲ. ಆದರೆ ಡಯಟ್ ತಾನೇ ಮಾಡಿಕೊಳ್ಳುವುದು, ಪಥ್ಯ ಇನ್ನೊಬ್ಬರು ಮಾಡಿಸುವುದು. ಡಯಟ್ಟಿಗೆ ಕನ್ನಡಿ ಸಾಕು. ಪಥ್ಯಕ್ಕೆ ‘ನಾಲಿಗೆ ತೋರ್ಸು, ಎಂತ ತಿಂದೆ?’ ಎಂದು ಕೇಳುವವರು ಬೇಕು.

ಮತ್ತೆ ಪತ್ರಿಕೆಯ ಸಾಲಿಗೆ ಬರುತ್ತೇನೆ. ರೋಗಿಯ ಬಟ್ಟಲಿನಲ್ಲಿದ್ದ ಪದ ಮಾತಿಗೆ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ ಭಾಷೆ ನಮ್ಮದು. ಕಿವಿಗೂ ಪಥ್ಯಾಪಥ್ಯ ಇದೆ ಎಂದಾಯಿತು. ನನಗೆ ಬಿಡಿಸಲಾಗದ್ದು ಅದು ತಿರುಗಿ ನಿಂತ ಬಗೆ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ಹುಟ್ಟಿದ್ದೇ ಬಯಕೆ, ಪಥ್ಯ ಎರಡೂ ಒಂದಾಗುವುದು ಅಪರೂಪ ಎಂಬ ಕಾರಣಕ್ಕೆ. ಹಾಗಿರುವಾಗ ‘ಪಥ್ಯವಾಗು’ ಎಂಬುದಕ್ಕೆ ‘ಹಿಡಿಸು’ ಎಂಬ ಅರ್ಥ ಎಲ್ಲಿಂದ ಬಂತು? ನೆರೆಯ ಮರಾಠಿಯವರು ಈ ಪದವನ್ನು ಇನ್ನೊಂದು ದಿಕ್ಕಿಗೆ ಒಯ್ದಿದ್ದಾರೆ. ಅವರಲ್ಲಿ ಯಾವುದಾದರೂ ‘ಪಥ್ಯಾವರ ಪಡಲೇ’ ಎಂದರೆ ಅದರಿಂದ ಅನುಕೂಲವಾಯಿತು, ಲಾಭವಾಯಿತು ಎಂದು. ಎದುರಾಳಿಗಳ ಜಗಳ ಮೂರನೆಯವನ ಪಥ್ಯಕ್ಕೆ ಬೀಳುತ್ತದೆ. ಅಲ್ಲಿ ಮೈಗೆ ಹಿತವಾದದ್ದು ಜೇಬಿಗೆ ಹಿತವಾಯಿತು. ಇಲ್ಲಿ ಮನಸ್ಸಿಗೆ ಹಿತವಾಯಿತು.

ಸಂಸ್ಕೃತದ ಕಡೆ ಹೋದರೆ ಮೊದಮೊದಲು ಅಜ್ಜಿಯ ಪಕ್ಷವೇ ಗೆಲ್ಲುವಂತೆ ತೋರುತ್ತದೆ. ಧರ್ಮ್ಯ, ಪಥ್ಯ, ಅರ್ಥ್ಯ, ನ್ಯಾಯ್ಯ ಎಂಬ ನಾಲ್ಕು ಪದಗಳನ್ನು ಪಾಣಿನಿ ಒಂದೇ ಸೂತ್ರದ ಅಚ್ಚಿನಲ್ಲಿ ಎರೆಯುತ್ತಾನೆ. ಧರ್ಮ ಬಿಟ್ಟು ಕದಲದ್ದು ಧರ್ಮ್ಯ, ಪಥ ಬಿಟ್ಟು ಕದಲದ್ದು ಪಥ್ಯ. ಛಂದಸ್ಸಿನವರೂ ಅನುಷ್ಟುಪ್ಪಿನ ನೇರ ನಡಿಗೆಯ ಮಾದರಿಗೆ ‘ಪಥ್ಯಾ’ ಎಂದೇ ಕರೆದರು. ಬಾಯಿಗಿಟ್ಟರೆ ಒಗರಿನಿಂದ ಮುಖ ತಿರುಗಿಸುವಂಥ ಅಳಲೆಕಾಯಿಗೂ ‘ಪಥ್ಯಾ’ ಎಂಬ ಹೆಸರಿದೆ. ಇಲ್ಲೆಲ್ಲೂ ನಾಲಿಗೆಯನ್ನು ಯಾರೂ ಕೇಳಿದಂತಿಲ್ಲ.

ಚರಕಸಂಹಿತೆ ಮಾತ್ರ ಕೇಳಿದೆ. ಸೂತ್ರಸ್ಥಾನದ ಇಪ್ಪತ್ತೈದನೇ ಅಧ್ಯಾಯದಲ್ಲಿ ಪಥ್ಯ ಯಾವುದು ಎಂದು ಹೇಳುವಾಗ ಅದು ಎರಡು ಷರತ್ತು ಹಾಕುತ್ತದೆ. ಮೈಯೊಳಗಿನ ದಾರಿಗಳಿಗೆ ಕೇಡು ಮಾಡಬಾರದು, ಇದು ಒಂದು. ಮನಸ್ಸಿಗೂ ಪ್ರಿಯವಾಗಿರಬೇಕು, ಇದು ಇನ್ನೊಂದು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಎದ್ದುಹೋದೆ. ಪತ್ರಿಕೆಯವರು ಪದವನ್ನು ಕೆಡಿಸಿದ್ದಾರೆಂದು ಇಷ್ಟು ವರ್ಷ ಗೊಣಗಿದ್ದೆನಲ್ಲ. ಅವರು ಕೆಡಿಸಿರಲಿಲ್ಲ, ಎರಡನೇ ಷರತ್ತನ್ನಷ್ಟೇ ಇಟ್ಟುಕೊಂಡಿದ್ದರು. ನಮ್ಮ ಮನೆಯವರು ಮೊದಲನೆಯದನ್ನು.

ಆಗ ನೆನಪಾದದ್ದು ಹದಿನಾರನೇ ದಿನ. ಮಳೆ ಹೊಳವಾಗಿತ್ತು. ಅಮ್ಮ ಕೊಟ್ಟಿಗೆಯಲ್ಲಿದ್ದಳು, ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಉಗ್ರಾಣದ ಕತ್ತಲಲ್ಲಿ ಅಪ್ಪೆಮಿಡಿಯ ಭರಣಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಗಂಟು ಬಿಚ್ಚಿದೆ. ಸೊನೆ, ಸಾಸಿವೆ, ಉಪ್ಪು ಮೂರೂ ಒಟ್ಟಿಗೆ ಮೂಗಿಗೆ ಹೊಡೆದು ಬಾಯಲ್ಲಿ ನೀರು ತುಂಬಿತು. ಹದಿನಾರು ದಿನದ ಆಸೆ. ತೊಟ್ಟು ಹಿಡಿದು ಒಂದು ಮಿಡಿ ಎತ್ತಿ, ಬಟ್ಟೆ ಮತ್ತೆ ಕಟ್ಟಿ, ಹಿತ್ತಲ ಬಾಳೆಯ ಮರೆಗೆ ಓಡಿ ಕಚ್ಚಿದೆ.

ಉಪ್ಪು ನಾಲಿಗೆಯನ್ನು ಸುಟ್ಟಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಎಣ್ಣೆಪಸೆಗೆ ಹೊಟ್ಟೆಯೊಳಗೆ ಏನೋ ಮಗುಚಿದಂತಾಯಿತು. ಅಷ್ಟು ದಿನ ಕನಸಿನಲ್ಲಿ ತಿಂದ ಮಿಡಿ ಅದಲ್ಲ. ಉಗುಳಿದೆ. ಉಳಿದರ್ಧವನ್ನು ಬಾಳೆಬುಡಕ್ಕೆ ಎಸೆದು, ಹಂಡೆಯ ನೀರಿನಲ್ಲಿ ಬಾಯಿ ತೊಳೆದು ಬಂದು ಮಲಗಿದೆ. ಮಿಡಿ ನನಗೆ ಪಥ್ಯವಾಗಲಿಲ್ಲ. ಯಾವ ಅರ್ಥದಲ್ಲಿ ಎಂದು ಇವತ್ತಿಗೂ ಹೇಳಲಾರೆ.

ಸ್ನಾನ ಮುಗಿಸಿ ಬಾಳೆಲೆ ಕೊಯ್ಯಲು ಹೋಗಿದ್ದ ಅಜ್ಜಿ ಒಳಗೆ ಬಂದಾಗ ನನ್ನನ್ನೊಮ್ಮೆ ನೋಡಿದಳು. ನಾಲಿಗೆ ತೋರಿಸು ಎನ್ನಲಿಲ್ಲ. ಮಧ್ಯಾಹ್ನ ಗಂಜಿ ಬಟ್ಟಲು ತಂದಿಟ್ಟು, ಎಂದಿನಂತೆ ಪಕ್ಕದಲ್ಲಿ ನಿಲ್ಲದೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಚಮಚ ಹಾಕಿದಾಗ ತಳದಲ್ಲಿ ಏನೋ ಕರಕರ ಎಂದಿತು. ಬಗ್ಗಿ ನೋಡಿದೆ. ಎರಡು ಹರಳುಪ್ಪು, ಇನ್ನೂ ಪೂರ್ತಿ ಕರಗಿರಲಿಲ್ಲ.